ಗೌಡರ ಆಟಕ್ಕೆ ಡಿಸ್ಕಿನ ಹಂಗು ತಪ್ಪಿಸಿದ್ದು

ಮಳೆಗಾಲದಲ್ಲಿ ನನ್ನ ಅಂಗಡಿಗೆ ಬರುವ ಕಂಪ್ಯೂಟರ್‌ಗಳ ವಾಸನೆಯೇ ಬೇರೆ. ಚಿಕ್ಕಮಗಳೂರು ಪೇಟೆಯೊಳಗಿನವು ಅಷ್ಟಾಗಿ ಕಾಡುವುದಿಲ್ಲ. ಆಲ್ದೂರು, ಮೂಡಿಗೆರೆ, ಕೊಟ್ಟಿಗೆಹಾರದ ಕಡೆಯ ತೋಟದ ಮನೆಗಳಿಂದ ಬಂದ ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದರೆ ಮೊದಲು ಒದ್ದೆ ಗೋಣಿಚೀಲದ ವಾಸನೆ ಹೊರಬರುತ್ತದೆ, ಆಮೇಲೆ ಹಲ್ಲಿಯ ಮೊಟ್ಟೆ ಉರುಳುತ್ತದೆ, ರಿಪೇರಿಯ ಮಾತೆಲ್ಲ ಅದಾದ ಮೇಲೆ. ಎಂ.ಜಿ. ರಸ್ತೆಯ ಹಿಂದಿನ ಸಣ್ಣ ಗಲ್ಲಿಯಲ್ಲಿ ಇಷ್ಟು ವರ್ಷ ಕೂತು ನಾನು ಕಲಿತ ವಿದ್ಯೆಯಲ್ಲಿ ಅರ್ಧ ಕಂಪ್ಯೂಟರಿನದು, ಇನ್ನರ್ಧ ತೇವದ್ದು.

ಈ ಬಾರಿ ಆರಿದ್ರಾ ಮಳೆ ಹಿಡಿದ ಹೊತ್ತಿಗೆ ಆಲ್ದೂರಿನ ಆಚೆ ತೋಟವಿರುವ ಗೌಡರೊಬ್ಬರು ಬಂದರು. ಕೊಡೆ ಮಡಚಿ ಮೂಲೆಗೆ ಒರಗಿಸಿ, ಅಂಗಿಯ ಒಳಗಿನಿಂದ ಪ್ಲಾಸ್ಟಿಕ್ ಕವರು ತೆಗೆದು, ಅದರೊಳಗಿನ ಡಿಸ್ಕನ್ನು ಮೇಜಿನ ಮೇಲಿಟ್ಟರು.

"ಇದನ್ನು ಒಂದು ಸಲ ತೊಳೆದು ನೋಡಪ್ಪಾ. ಹೊಸ ಲ್ಯಾಪ್‌ಟಾಪಿಗೆ ಹಿಡಿಸುತ್ತಿಲ್ಲ."

ಡಿಸ್ಕ್ ಯಾವುದೆಂದು ನನಗೆ ನೋಡದೆಯೇ ಗೊತ್ತಿತ್ತು. 'ಏಜ್ ಆಫ್ ಎಂಪೈರ್ಸ್' ಎರಡನೆಯ ಭಾಗ, 'ದಿ ಏಜ್ ಆಫ್ ಕಿಂಗ್ಸ್'. 1999ರಲ್ಲಿ ಎನ್‌ಸೆಂಬಲ್ ಸ್ಟುಡಿಯೋಸ್ ತಯಾರಿಸಿ ಮೈಕ್ರೋಸಾಫ್ಟ್ ಹೊರತಂದ, ಹೊಲ ಬಿತ್ತಿ ಊರು ಕಟ್ಟಿ ಯುದ್ಧ ಮಾಡುವ ಆಟ. ಗೌಡರ ಮನೆಗೆ ಅದು ಬಂದದ್ದು ಮಗನ ಸಲುವಾಗಿ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ. ಅಸಲಿ ಡಿಸ್ಕ್, ಬಿಲ್ಲಿನ ಸಮೇತ. ಆ ಕಾಲದಲ್ಲಿ ಅಸಲಿ ಕೊಂಡವರನ್ನು ನಮ್ಮ ಕಡೆಯ ಹುಡುಗರು ಕನಿಕರದಿಂದ ನೋಡುತ್ತಿದ್ದರು; ಮಾರ್ಕರ್ ಪೆನ್ನಿನಲ್ಲಿ ಹೆಸರು ಗೀಚಿದ ಸಿ.ಡಿ.ಯಲ್ಲಿ ಅದೇ ಆಟ ಪುಡಿಗಾಸಿಗೆ ಸಿಗುತ್ತಿತ್ತು. ಮಗ ಎಂಜಿನಿಯರಿಂಗ್ ಓದಲು ಹೋದ, ಆಟ ಅಪ್ಪನ ಪಾಲಿಗೆ ಉಳಿಯಿತು. ಅಲ್ಲಿಂದ ಇಲ್ಲಿಯವರೆಗೆ, ತೋಟಕ್ಕೆ ಕಾಲಿಡಲಾಗದಷ್ಟು ಮಳೆ ಸುರಿಯುವ ದಿನಗಳಲ್ಲಿ, ಟಿ.ವಿ. ಡಿಶ್ ಕೈಕೊಟ್ಟು ಕರೆಂಟ್ ಮಾತ್ರ ಹೇಗೋ ಉಳಿದುಕೊಂಡಿರುವ ಮಧ್ಯಾಹ್ನಗಳಲ್ಲಿ, ಗೌಡರು ಆಡುವುದು ಇದೊಂದೇ ಆಟ. ಅದರಲ್ಲಿರುವ ಹದಿಮೂರು ಜನಾಂಗಗಳಲ್ಲಿ ಅವರು ಆರಿಸಿಕೊಳ್ಳುವುದೂ ಒಂದನ್ನೇ: ಪರ್ಷಿಯನ್ನರನ್ನು. ಯಾಕೆಂದರೆ ಅವರಿಗೆ ಯುದ್ಧದ ಆನೆಗಳಿವೆ.

ತೋಟಕ್ಕೆ ನುಗ್ಗಿ ಬಾಳೆ, ಬೈನೆ, ಕಾಫಿ ಗಿಡ ಮುರಿಯುವ ಆನೆಗಳ ಕಾಟ ಮೂಡಿಗೆರೆ, ಸಕಲೇಶಪುರದ ಕಡೆಯವರಿಗೆ ವಿವರಿಸಿ ಹೇಳಬೇಕಾದದ್ದಲ್ಲ. ಗೌಡರು ಒಮ್ಮೆ ಹೇಳಿದ್ದರು: "ಅಲ್ಲಿಯಾದರೂ ಆನೆಗಳು ನಾನು ಹೇಳಿದ ಕಡೆ ಹೋಗುತ್ತವೆ."

ಅವರ ಹಳೆಯ ಕಂಪ್ಯೂಟರಿನ ಮದರ್‌ಬೋರ್ಡ್ ಬೇಸಿಗೆಯಲ್ಲೇ ಸತ್ತಿತ್ತು. ಕೆಪಾಸಿಟರ್‌ಗಳು ಊದಿಕೊಂಡಿದ್ದವು, ನಾನೇ ನೋಡಿ ಕೈಬಿಟ್ಟದ್ದು. ಬೆಂಗಳೂರಿನಿಂದ ಮಗ ವಿಂಡೋಸ್ 10 ಇರುವ ಲ್ಯಾಪ್‌ಟಾಪ್ ಕಳಿಸಿಕೊಟ್ಟ. ಅದರಲ್ಲಿ ಸಿ.ಡಿ. ಹಾಕುವ ಬಾಯಿಯೇ ಇಲ್ಲ. ಹೊರಗಿನಿಂದ ಚುಚ್ಚುವ ಯು.ಎಸ್.ಬಿ. ಡ್ರೈವ್ ಒಂದನ್ನು ತರಿಸಿಕೊಂಡರು. ಡಿಸ್ಕ್ ತಿರುಗಿತು, ಆಟ ಇನ್‌ಸ್ಟಾಲ್ ಆಯಿತು, ಪರದೆಯ ಮೇಲೆ ಐಕಾನ್ ಕೂತಿತು. ಒತ್ತಿದರೆ ಏನೂ ಇಲ್ಲ. ಬೈಗುಳವೂ ಇಲ್ಲ, ಎರರ್ ಸಂದೇಶವೂ ಇಲ್ಲ. ಹಾಗಾಗಿ ಅವರ ಅನುಮಾನ ಡಿಸ್ಕಿನ ಮೇಲೆ ಬಿದ್ದಿತ್ತು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಡಿಸ್ಕ್ ಇಲ್ಲದೆ ಹಳೆಯ ಆಟ ಓಡಿಸಬೇಕೆಂದು ಬರುವವರೆಲ್ಲರದ್ದೂ ಒಂದೇ ತೊಂದರೆ ಎಂದು ತಿಳಿದರೆ ಕೆಲಸ ಕೆಡುತ್ತದೆ. ಆ ಡಿಸ್ಕು ಆಟದ ಜೊತೆ ಯಾವ ಕೆಲಸಕ್ಕೆ ಸೇರಿಕೊಂಡಿತ್ತು ಎಂಬುದನ್ನು ಮೊದಲು ನೋಡಬೇಕು. ತೊಂಬತ್ತರ ದಶಕದ ನಡುವಿನ ಆಟಗಳಲ್ಲಿ ಅದು ಉಗ್ರಾಣ. ಹಾರ್ಡ್ ಡಿಸ್ಕ್ ಚಿಕ್ಕದು, ಸಿ.ಡಿ.ಯಲ್ಲಿ 650 ಎಂಬಿ ಹಿಡಿಯುತ್ತಿತ್ತು. ವಿಡಿಯೊ, ಚಿತ್ರಗಳನ್ನೆಲ್ಲ ಅಲ್ಲೇ ಬಿಟ್ಟು ಬೇಕಾದಾಗ ಓದಿಕೊಳ್ಳುತ್ತಿದ್ದರು. ಇಂಥವಕ್ಕೆ ಪರಿಹಾರ ಸುಲಭ. ಡಿಸ್ಕಿನ ಪೂರ್ತಿ ಪ್ರತಿಯನ್ನು ಐ.ಎಸ್.ಒ. ಕಡತವಾಗಿ ಮಾಡಿಟ್ಟರೆ ವಿಂಡೋಸ್ 8ರಿಂದೀಚೆಗೆ ಎರಡು ಸಲ ಕ್ಲಿಕ್ಕಿಸಿದರೆ ಸಾಕು, ಅದೇ ಒಂದು ಡ್ರೈವ್ ಆಗಿ ತೆರೆದುಕೊಳ್ಳುತ್ತದೆ. ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದ ಆಟವಾದರೆ, ಆ ಕಾಲದ ಕಂಪ್ಯೂಟರಿನ ವೇಷ ಹಾಕುವ ಡಾಸ್‌ಬಾಕ್ಸ್ ಎಂಬ ತಂತ್ರಾಂಶ 2002ರಿಂದಲೇ ಇದೆ.

ಇನ್ನು ಕೆಲವು ಆಟಗಳಲ್ಲಿ ಡಿಸ್ಕ್ ಹಾಡುತ್ತಿತ್ತು. 1996ರ 'ಕ್ವೇಕ್' ಆಟದ ಡಿಸ್ಕಿನಲ್ಲಿ ಮೊದಲ ಟ್ರ್ಯಾಕ್ ಆಟದ್ದು, ಉಳಿದವು ನೈನ್ ಇಂಚ್ ನೇಲ್ಸ್ ತಂಡದ ಸಂಗೀತ. ಟೇಪ್ ರೆಕಾರ್ಡರಿನ ಪಕ್ಕದ ಸಿ.ಡಿ. ಪ್ಲೇಯರಿಗೆ ಹಾಕಿದರೂ ಆ ಸಂಗೀತ ಕೇಳಿಸುತ್ತಿತ್ತು. ಆಟದ ನಡುವೆ ಕಂಪ್ಯೂಟರು ಡ್ರೈವಿಗೆ "ನಾಲ್ಕನೆಯದನ್ನು ನುಡಿಸು" ಎಂದು ಹೇಳುತ್ತಿತ್ತು, ಅಷ್ಟೇ. ಸದ್ದು ಡ್ರೈವಿನ ಹಿಂಬದಿಯಿಂದ ಸೌಂಡ್ ಕಾರ್ಡಿಗೆ ಹೋಗುವ ತೆಳ್ಳನೆಯ ನಾಲ್ಕು ಪಿನ್ನಿನ ವೈರಿನಲ್ಲಿ ಹರಿಯುತ್ತಿತ್ತು. ಆ ವೈರು ಸಿಕ್ಕಿಸುವುದನ್ನು ಮರೆತ ಅಸೆಂಬ್ಲಿಂಗ್ ಅಂಗಡಿಗಳಿಂದಾಗಿ ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳು ಆ ಕಾಲದ ಆಟಗಳಲ್ಲಿ ಸಂಗೀತವೇ ಇಲ್ಲವೆಂದು ನಂಬಿ ದೊಡ್ಡವರಾಗಿದ್ದಾರೆ. ಇಂಥ ಡಿಸ್ಕನ್ನು ಐ.ಎಸ್.ಒ. ಮಾಡಿದರೆ ಹಾಡುಗಳು ಹಿಂದೆ ಉಳಿಯುತ್ತವೆ, ಆಟ ಮಾತ್ರ ಬರುತ್ತದೆ. ಬಿನ್ ಮತ್ತು ಕ್ಯೂ ಎಂಬ ಜೋಡಿ ಕಡತವಾಗಿ ಓದಿಸಬೇಕು. ಅದನ್ನು ವಿಂಡೋಸ್ ತಾನಾಗಿ ತೆರೆಯುವುದಿಲ್ಲ, ಬೇರೆ ತಂತ್ರಾಂಶ ಬೇಕು.

ಗೌಡರ ಡಿಸ್ಕ್ ಈ ಎರಡೂ ಜಾತಿಗೆ ಸೇರಿದ್ದಲ್ಲ. ಅದು ಬೀಗದ ಕೈ.

ಆ ಆಟದ ಫೋಲ್ಡರ್ ತೆರೆದು ನೋಡಿದರೆ ವಿಷಯ ಅಲ್ಲೇ ಇದೆ. 'ಎಂಪೈರ್ಸ್2' ಹೆಸರಿನ ಎರಡು ಕಡತಗಳು: ಒಂದರ ಬಾಲಕ್ಕೆ ಇ.ಎಕ್ಸ್.ಇ., ಇನ್ನೊಂದರ ಬಾಲಕ್ಕೆ ಐ.ಸಿ.ಡಿ. ನಾವು ಒತ್ತುವ ಇ.ಎಕ್ಸ್.ಇ. ಆಟವೇ ಅಲ್ಲ, ತೋಟದ ಗೇಟಿನಲ್ಲಿ ಕೂತ ಕಾವಲುಗಾರ. ನಿಜವಾದ ಆಟ ಗೂಢಲಿಪಿಯಲ್ಲಿ ಐ.ಸಿ.ಡಿ. ಒಳಗಿದೆ. ಕಾವಲುಗಾರ ಮೊದಲು ಡಿಸ್ಕನ್ನು ಪರೀಕ್ಷಿಸಿ, ಅಸಲಿ ಎಂದು ಖಾತ್ರಿಯಾದ ಮೇಲೆ ಒಳಗಿನದನ್ನು ಬಿಡಿಸಿ ಓಡಲು ಬಿಡುತ್ತಾನೆ. ಇದಕ್ಕೆ ಸೇಫ್‌ಡಿಸ್ಕ್ ಎಂದು ಹೆಸರು. 1998ರಲ್ಲಿ ಬ್ರಿಟನ್ನಿನ ಸಿ-ಡಿಲ್ಲಾ ತಂದದ್ದು. ಮರುವರ್ಷ ಆ ಕಂಪನಿಯನ್ನು ಮ್ಯಾಕ್ರೋವಿಷನ್ ಕೊಂಡುಕೊಂಡಿತು.

ಅಸಲಿಯನ್ನು ಗುರುತಿಸುವ ಉಪಾಯ ನನಗೆ ಈಗಲೂ ಇಷ್ಟ. ಸಿ.ಡಿ.ಯ ಮೇಲೆ ಮಾಹಿತಿ ಇರುವುದು ಸೆಕ್ಟರ್‌ಗಳಲ್ಲಿ. ಒಂದೊಂದು ಸೆಕ್ಟರೂ 2352 ಬೈಟ್. ಅದರಲ್ಲಿ ನಮ್ಮ ಬಳಕೆಗೆ ಸಿಗುವುದು 2048 ಮಾತ್ರ. ಉಳಿದದ್ದು ಗುರುತಿಗೆ, ಮುಖ್ಯವಾಗಿ ತಪ್ಪು ತಿದ್ದುವ ಲೆಕ್ಕಕ್ಕೆ. ಗೀರು ಬಿದ್ದ ಡಿಸ್ಕೂ ಓದಲು ಬರುವುದು ಈ ಹೆಚ್ಚುವರಿ ಬೈಟ್‌ಗಳ ಪುಣ್ಯದಿಂದ. ಸೇಫ್‌ಡಿಸ್ಕ್‌ನವರು ಡಿಸ್ಕಿನ ಮೊದಲ ಭಾಗದ ಕೆಲವು ಸೆಕ್ಟರ್‌ಗಳನ್ನು ಬೇಕೆಂದೇ ಕೆಡಿಸಿ ಅಚ್ಚು ಹಾಕಿಸಿದರು. ಅಲ್ಲಿ ಕೈ ಹಾಕಿದರೆ ಓದಲು ಬರಬಾರದು. ಓದಲು ಬಾರದಿದ್ದರೆ ಅಸಲಿ! ಮನೆಯ ಸಿ.ಡಿ. ರೈಟರ್ ಒಳ್ಳೆಯ ಹುಡುಗ. ಪ್ರತಿ ಮಾಡುವಾಗ ತಪ್ಪು ತಿದ್ದುವ ಲೆಕ್ಕವನ್ನು ಹೊಸದಾಗಿ ಹಾಕಿ, ಕೆಟ್ಟ ಸೆಕ್ಟರ್‌ಗಳನ್ನೆಲ್ಲ ಶುದ್ಧ ಮಾಡಿ ಬರೆಯುತ್ತದೆ. ಹಾಗಾಗಿ ಪ್ರತಿ ಅಸಲಿಗಿಂತ ಚೊಕ್ಕಟವಾಗಿರುತ್ತದೆ, ಆ ಚೊಕ್ಕಟತನದಿಂದಲೇ ಸಿಕ್ಕಿಬೀಳುತ್ತದೆ.

ಹಾಗಾದರೆ ಗೌಡರ ಅಸಲಿ ಡಿಸ್ಕ್ ಯಾಕೆ ನಡೆಯಲಿಲ್ಲ? ಡಿಸ್ಕಿನ ಪರೀಕ್ಷೆ ಮಾಡಲು ಕಾವಲುಗಾರನಿಗೆ ವಿಂಡೋಸ್‌ನ ಹೊಟ್ಟೆಯೊಳಗೆ ಒಬ್ಬ ಸಹಾಯಕ ಬೇಕಿತ್ತು, 'ಸೆಕ್‌ಡಿಆರ್‌ವಿ' ಎಂಬ ಡ್ರೈವರ್. ಹಳೆಯ ವಿಂಡೋಸ್ ಎಕ್ಸ್‌ಪಿಯಲ್ಲಿ ಅದು ಮೊದಲಿನಿಂದಲೂ ಇತ್ತು. 2007ರಲ್ಲಿ ಆ ಡ್ರೈವರಿನಲ್ಲಿ ಒಂದು ಬಿರುಕು ಪತ್ತೆಯಾಯಿತು. ಸಾಮಾನ್ಯ ಬಳಕೆದಾರನಾಗಿ ಒಳಬಂದ ದುಷ್ಟ ತಂತ್ರಾಂಶ ಅದರ ಮೂಲಕ ಇಡೀ ಕಂಪ್ಯೂಟರಿನ ಯಜಮಾನಿಕೆ ಹಿಡಿಯಬಹುದಿತ್ತು. ತೇಪೆ ಹಾಕಿದರು. 2015ರಲ್ಲಿ ವಿಂಡೋಸ್ 10 ಬಂದಾಗ ಆ ಡ್ರೈವರನ್ನೇ ಕೈಬಿಟ್ಟರು. ಅದೇ ವರ್ಷ ಸೆಪ್ಟೆಂಬರಿನ ಒಂದು ಭದ್ರತಾ ಅಪ್‌ಡೇಟಿನಲ್ಲಿ ವಿಸ್ಟಾ, 7, 8ರಲ್ಲೂ ಅದನ್ನು ನಿಲ್ಲಿಸಿಬಿಟ್ಟರು. ತಪ್ಪು ಮಾಡಿದರು ಎಂದು ನಾನು ಹೇಳಲಾರೆ. ಯಾರೋ ಹಾಕಿದ ಹಳೆಯ ಬೀಗಕ್ಕಾಗಿ ಮನೆಯ ಹಿಂಬಾಗಿಲು ತೆರೆದಿಡುವುದು ಯಾವ ನ್ಯಾಯ? ಆದರೆ ಇದರ ಫಲ ನೋಡಿ. ಮೈಕ್ರೋಸಾಫ್ಟ್ ಹೊರತಂದ ಆಟದ ಅಸಲಿ ಡಿಸ್ಕ್ ಮೈಕ್ರೋಸಾಫ್ಟ್‌ನದೇ ವಿಂಡೋಸ್‌ನಲ್ಲಿ ಮೂಕವಾಗಿ ಕೂರುತ್ತದೆ. ಮಾರ್ಕರ್ ಪೆನ್ನಿನ ಸಿ.ಡಿ. ಕೊಂಡ ಹುಡುಗರಿಗೆ ಈ ತಾಪತ್ರಯವೇ ಇರಲಿಲ್ಲ. ಅವರ ಪ್ರತಿಯಲ್ಲಿ ಕಾವಲುಗಾರನನ್ನು ಯಾರೋ ಮೊದಲೇ ಮನೆಗೆ ಕಳಿಸಿದ್ದರು. ಬಿಲ್ಲು ಇಟ್ಟುಕೊಂಡವರು ಮಾತ್ರ ಗೇಟಿನ ಹೊರಗೆ.

ಇದನ್ನು ಗೌಡರಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಅಂದರೆ ಡಿಸ್ಕ್ ಸರಿಯಾಗಿದೆ?" ಎಂದರು. ಅದನ್ನು ಹೇಳಲು ಓದಿಸಿ ನೋಡಬೇಕಿತ್ತು.

ನಮ್ಮ ಕಡೆ ಡಿಸ್ಕ್‌ಗಳಿಗೆ ಹಿಡಿಯುವ ಬೂಷ್ಟಿನ ಬಗ್ಗೆ ಹೊರಗಿನವರು ನಂಬುವುದಿಲ್ಲ. 2001ರಲ್ಲಿ ಮಧ್ಯ ಅಮೆರಿಕದ ಬೆಲೀಜ್‌ನಿಂದ ಬಂದ ಒಂದು ಸಿ.ಡಿ.ಯನ್ನು ಶಿಲೀಂಧ್ರವೇ ಮೇಯ್ದಿದ್ದನ್ನು ಸ್ಪೇನಿನ ವಿಜ್ಞಾನಿಗಳು ಕಂಡದ್ದು ಜಗತ್ತಿಗೆಲ್ಲ ಸುದ್ದಿಯಾಗಿತ್ತು. ಹೊರ ಅಂಚಿನಿಂದ ಒಳಹೊಕ್ಕು ಅಲ್ಯೂಮಿನಿಯಂ ಪದರವನ್ನು ಅದು ತಿಂದಿತ್ತು. ಬಿಸಿ, ತೇವ ಎರಡೂ ಇರುವ ಊರು. ಕೊಟ್ಟಿಗೆಹಾರದಲ್ಲಿ ಒಂದು ಜುಲೈ ಕಳೆದ ಯಾರಿಗಾದರೂ ಅದರಲ್ಲಿ ಆಶ್ಚರ್ಯ ಪಡುವಂಥದ್ದೇನೂ ಇರಲಿಲ್ಲ. ಜನ ಗಾಬರಿಯಾಗುವುದು ಡಿಸ್ಕಿನ ಕೆಳಮೈಗೆ ಗೀರು ಬಿದ್ದಾಗ. ನಿಜವಾಗಿ ಭಯಪಡಬೇಕಾದದ್ದು ಹೆಸರು ಅಚ್ಚಾದ ಮೇಲ್ಮೈಗೆ. ಡಿಸ್ಕಿನ 1.2 ಮಿಲಿಮೀಟರ್ ದಪ್ಪದಲ್ಲಿ ಹೆಚ್ಚಿನದೆಲ್ಲ ಪಾಲಿಕಾರ್ಬೊನೇಟ್. ಬೆಳಕು ಕೆಳಗಿನಿಂದ ಅದನ್ನು ಹಾದು ಬರುತ್ತದೆ. ಮಾಹಿತಿ ಮತ್ತು ಅಲ್ಯೂಮಿನಿಯಂ ಇರುವುದು ಮೇಲುಗಡೆ, ತೆಳುವಾದ ಲ್ಯಾಕರಿನ ಅಡಿಯಲ್ಲೇ. ಆ ಕಡೆ ಬಾಲ್ ಪೆನ್ನಿನಲ್ಲಿ ಒತ್ತಿ ಹೆಸರು ಬರೆದರೂ ಸಾಕು, ಕತೆ ಮುಗಿದಂತೆ. ಕೆಳಮೈ ಗೀರನ್ನು ಉಜ್ಜಿ ತೆಗೆಯಬಹುದು, ಮೇಲ್ಮೈಯಲ್ಲಿ ಹೋದದ್ದು ಹೋಯಿತು.

ಗೌಡರ ಡಿಸ್ಕನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಸೂಜಿ ಚುಚ್ಚಿದಂಥ ಬೆಳಕಿನ ಚುಕ್ಕೆಗಳು ಕಾಣಲಿಲ್ಲ, ಅಂದರೆ ಅಲ್ಯೂಮಿನಿಯಂ ಉಳಿದಿದೆ. ಕೆಳಮೈಯ ಹೊರ ಅಂಚಿನಲ್ಲಿ ಮಾತ್ರ ಬೂದು ಮಬ್ಬು. ಕೆಲಸದ ಮೇಜಿನ ಹಳೆಯ ಎಕ್ಸ್‌ಪಿ ಯಂತ್ರದೊಳಗಿನ ಹಳೆಯ ಐ.ಡಿ.ಇ. ಮಾದರಿಯ ಡ್ರೈವಿಗೆ ಹಾಕಿದೆ. ಇಂಥ ಡಿಸ್ಕ್‌ಗಳ ಮಟ್ಟಿಗೆ ಹೊಸ ಯು.ಎಸ್.ಬಿ. ಡ್ರೈವ್‌ಗಳ ಮೇಲೆ ನನಗೆ ನಂಬಿಕೆಯಿಲ್ಲ. ಹಳೆಯದಕ್ಕೆ ತಾಳ್ಮೆ ಹೆಚ್ಚು. ಓದಿಸುವ ತಂತ್ರಾಂಶದ ಹೆಸರು 'ಆಲ್ಕೋಹಾಲ್ 120%'. ಹೆಸರು ಕೇಳಿ ಗೌಡರ ಮುಖ ಅರಳಿತು. ವೇಗ ತಗ್ಗಿಸಿ, ಓದಲಾಗದ ಸೆಕ್ಟರ್ ಬಂದರೆ ಗುರುತು ಹಾಕಿಕೊಂಡು ಮುಂದೆ ಹೋಗು ಎಂದು ಹೇಳಿ ಬಿಟ್ಟೆ.

ಶುರುವಿನಲ್ಲೇ ಎರರ್‌ಗಳ ಸಾಲು. ಗೊತ್ತಿಲ್ಲದವರು ಇಲ್ಲೇ ಡಿಸ್ಕ್ ಕೆಟ್ಟಿದೆ ಎಂದು ಹೊರಗೆಸೆಯುತ್ತಾರೆ. ಸಿ.ಡಿ. ಓದುವುದು ಒಳಗಿನ ಸುತ್ತಿನಿಂದ ಹೊರಕ್ಕೆ. ಬೂಷ್ಟು ಬರುವುದು ಹೊರಗಿನಿಂದ ಒಳಕ್ಕೆ. ಆದ್ದರಿಂದ ಶುರುವಿನ ಎರರ್‌ಗಳು ಬೀಗದವು, ಕೊನೆಗೆ ಬರುವವು ಮಳೆಗಾಲದವು. ಗೌಡರ ಡಿಸ್ಕಿನಲ್ಲಿ ಎರಡೂ ಇದ್ದವು. ನಡುವಿನ ಭಾಗ ಸಲೀಸಾಗಿ ಓಡಿ, ಕೊನೆಯ ಹತ್ತಿರ ಡ್ರೈವ್ ಮತ್ತೆ ಕೊರಗತೊಡಗಿತು.

ತೆಗೆದು ತೊಳೆದೆ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ, ಬೆರಳ ತುದಿ. ಒರೆಸುವಾಗ ಹತ್ತಿಬಟ್ಟೆಯನ್ನು ನಡುವಿನಿಂದ ಅಂಚಿಗೆ ನೇರವಾಗಿ ಎಳೆಯಬೇಕು, ಗುಂಡಗೆ ತಿರುಗಿಸಿ ಉಜ್ಜಬಾರದು. ಸುತ್ತು ಹಾಕಿದ ಗೀರು ಓದುವ ದಾರಿಯುದ್ದಕ್ಕೂ ಸಾಗುತ್ತದೆ, ತಿದ್ದುವ ಲೆಕ್ಕಕ್ಕೆ ಅಷ್ಟನ್ನು ತುಂಬಿಕೊಡಲಾಗುವುದಿಲ್ಲ. ಅಡ್ಡ ಗೀರಾದರೆ ದಾಟಿಹೋಗಬಹುದು. ಒಣಗಿದ ಮೇಲೆ ಮತ್ತೆ ಹಾಕಿದೆ. ಕೊನೆಯ ಎರರ್‌ಗಳು ಮಾಯವಾಗಿದ್ದವು. ಮೊದಲಿನವು ಒಂದೂ ಕದಲದೆ ಅದೇ ಜಾಗದಲ್ಲಿ ಇದ್ದವು. ಅವು ಇದ್ದದ್ದೇ ಸಂತೋಷ. ಕಡತದ ಒಳಗೆ ಈಗ ಡಿಸ್ಕಿನ ಗುಣವೂ ಬಂತು, ದೋಷವೂ ಬಂತು.

ಇಷ್ಟೆಲ್ಲ ಯಾಕೆ, ಅಂತರ್ಜಾಲದಲ್ಲಿ ಕಾವಲುಗಾರನಿಲ್ಲದ ಇ.ಎಕ್ಸ್.ಇ. ಪುಕ್ಕಟೆ ಸಿಗುತ್ತದಲ್ಲ ಎಂದು ನೀವು ಕೇಳಬಹುದು. ಸಿಗುತ್ತದೆ. ನನ್ನ ಅಂಗಡಿಯಿಂದ ಅದನ್ನು ಹಾಕಿಕೊಡುವುದಿಲ್ಲ. ಯಾರು ಮಾಡಿದ್ದು, ಒಳಗೆ ಇನ್ನೇನು ಸೇರಿಸಿದ್ದಾರೆ ಎಂದು ಗೊತ್ತಿಲ್ಲದ ಕಡತವನ್ನು ಗಿರಾಕಿಯ ಯಂತ್ರಕ್ಕೆ ಇಳಿಸಿ, ಆಮೇಲೆ ಅವರ ಬ್ಯಾಂಕಿನ ವ್ಯವಹಾರ ಹಾಳಾದರೆ ಉತ್ತರ ಹೇಳಬೇಕಾದವನು ನಾನು. ಕಾನೂನಿನ ಮಾತೂ ಇದೆ. ನಾನು ವಕೀಲನಲ್ಲ, ಆದರೆ ಇಷ್ಟನ್ನು ಓದಿಕೊಂಡಿದ್ದೇನೆ: ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು, ಕಂಪ್ಯೂಟರ್ ಪ್ರೋಗ್ರಾಂ ನ್ಯಾಯವಾಗಿ ಕೈಯಲ್ಲಿರುವವನು ಅದು ಕಳೆದುಹೋಗದಂತೆ, ಹಾಳಾಗದಂತೆ ಕಾಪಾಡಲು ಬ್ಯಾಕಪ್ ಪ್ರತಿ ಮಾಡಿಕೊಳ್ಳುವುದನ್ನು ಉಲ್ಲಂಘನೆ ಎನ್ನುವುದಿಲ್ಲ. 2012ರ ತಿದ್ದುಪಡಿಯಲ್ಲಿ ಬಂದ 65ಎ, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ದಾಟುವವನಿಗೆ ಶಿಕ್ಷೆ ಇಟ್ಟಿದೆ. ಉದ್ದೇಶ ಎಂಬ ಮಾತು ಅಲ್ಲಿದೆ. ಗೌಡರ ಉದ್ದೇಶ ಪರ್ಷಿಯನ್ ಆನೆ ಓಡಿಸುವುದು.

ಬೀಗ ಹಾಕಿದವರೇ ಬಂದು ತೆಗೆದ ಉದಾಹರಣೆಯೂ ಇದೆ. 1998ರ 'ಸ್ಟಾರ್‌ಕ್ರಾಫ್ಟ್' ಆಟಕ್ಕೆ ಬ್ಲಿಜರ್ಡ್ ಕಂಪನಿ 2008ರಲ್ಲಿ ಒಂದು ತೇಪೆ ಕೊಟ್ಟಿತು. ಡಿಸ್ಕಿನಲ್ಲಿರುವ ಇನ್‌ಸ್ಟಾಲ್ ಕಡತವನ್ನು ಆಟದ ಫೋಲ್ಡರಿಗೆ ನಕಲಿಸಿ, 'ಸ್ಟಾರ್‌ಕ್ರಾಫ್ಟ್ ಡಾಟ್ ಎಂ.ಪಿ.ಕ್ಯು.' ಎಂದು ಹೆಸರು ಬದಲಿಸಿ ಇಟ್ಟರೆ ಅಲ್ಲಿಂದ ಮುಂದೆ ಡಿಸ್ಕ್ ಬೇಡ. ಎಷ್ಟು ಸರಳ! ಹತ್ತು ವರ್ಷ ಮಾರಿದ್ದಾಯಿತು, ಇನ್ನು ಡಿಸ್ಕನ್ನು ಕಪಾಟಿನಲ್ಲಿ ಇಟ್ಟುಕೊಳ್ಳಿ ಎಂದ ಹಾಗೆ. 2017ರಲ್ಲಿ ಆಟವನ್ನೇ ಉಚಿತ ಮಾಡಿದರು. ಹಳೆಯ ಆಟಗಳನ್ನು ಬೀಗವಿಲ್ಲದೆ ಮಾರುವುದನ್ನೇ ಕಸುಬು ಮಾಡಿಕೊಂಡ ಗಾಗ್ ಎಂಬ ಅಂತರ್ಜಾಲದ ಅಂಗಡಿ ಶುರುವಾದದ್ದೂ 2008ರಲ್ಲೇ. ನಿಮ್ಮ ಆಟ ಅಲ್ಲಿ ಇದೆಯೇ ಎಂದು ಮೊದಲು ನೋಡಿ. ಇದ್ದರೆ ಕೆಲವು ನೂರು ರೂಪಾಯಿಗೆ ಕೊಂಡು ನೆಮ್ಮದಿಯಾಗಿರಿ. ನಾನು ಮೇಲೆ ಬರೆದ ಸಾಹಸ ಯಾವುದೂ ಬೇಕಾಗಿಲ್ಲ.

ಗೌಡರ ಆಟದ ಹೊಸ ರೂಪವೂ ಇದೆ, 2019ರ ಡೆಫಿನಿಟಿವ್ ಎಡಿಷನ್. ಡಿಸ್ಕಿನ ಗೋಜೇ ಇಲ್ಲ. ಪ್ರಾಮಾಣಿಕವಾಗಿ ಅದನ್ನೇ ಮೊದಲು ತೋರಿಸಿದೆ. ಅದಕ್ಕೆ ಬೇಕಾದ ಜಾಗ ಸುಮಾರು 30 ಜಿಬಿ. ಗೌಡರ ಮನೆಯಲ್ಲಿ ಮೊಬೈಲ್ ಸಿಗ್ನಲ್ ಬೇಕಾದರೆ ಕಣದ ಮೂಲೆಯಲ್ಲಿರುವ ಹಲಸಿನ ಮರದ ಬುಡಕ್ಕೆ ಹೋಗಬೇಕು. ಅಂಗಡಿಯಲ್ಲೇ ಇಳಿಸಿಕೊಡುತ್ತೇನೆ ಎಂದೆ. ಒಂದಿಷ್ಟು ಹೊತ್ತು ಆಡಿ ನೋಡಿದರು. ಹೊಸದರಲ್ಲಿ ಹೊಲದ ಫಸಲು ಮುಗಿದರೆ ತಾನಾಗಿಯೇ ಮರುಬಿತ್ತನೆಯಾಗುತ್ತದೆ. ಅವರ ಹಳೆಯ ಡಿಸ್ಕಿನಲ್ಲಿ ಅದಿಲ್ಲ, ಹೊಲ ಬರಿದಾದಾಗಲೆಲ್ಲ ಆಟಗಾರನೇ ಹೋಗಿ ಬಿತ್ತಿಸಬೇಕು. ಅನುಕೂಲವೆಂದು ನಾನು ಹೊಗಳಿದ್ದು ಅವರಿಗೆ ಹಿಡಿಸಲಿಲ್ಲ.

"ಯಜಮಾನ ನೋಡದಿದ್ದರೂ ಬಿತ್ತನೆ ಆಗುತ್ತದೆ ಅಂದರೆ ಅದು ಯಾವ ಊರಿನ ಬೇಸಾಯ?"

ವಾದ ಮಾಡುವ ಜಾಗವಲ್ಲ ಅದು. ನನಗೆ ಆ ಹೊಸ ರೂಪ ತುಂಬ ಇಷ್ಟ, ಅದು ನನ್ನ ಮಾತು, ಆಟ ಅವರದು.

ಉಳಿದದ್ದು ಸಾಮಾನು ಜೋಡಿಸುವ ಕೆಲಸ. ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನವರು ತೂಕಕ್ಕೆ ಹಾಕಿದ್ದ ಕೋರ್ 2 ಡ್ಯುಯೊ ಯಂತ್ರ ನನ್ನ ಅಟ್ಟದಲ್ಲಿ ಇತ್ತು. ಕ್ಯಾಬಿನೆಟ್ಟಿನ ಮೇಲೆ ಎಕ್ಸ್‌ಪಿಯ ಅಸಲಿ ಸ್ಟಿಕ್ಕರ್ ಇನ್ನೂ ಅಂಟಿಕೊಂಡಿತ್ತು. ಈ ಆಟ ಕೇಳುವುದು 166 ಮೆಗಾಹರ್ಟ್ಸ್‌ನ ಪೆಂಟಿಯಂ, 32 ಎಂಬಿ ರಾಮ್. ಅದರ ಲೆಕ್ಕಕ್ಕೆ ಈ ಗುಜರಿ ಯಂತ್ರವೇ ಅರಮನೆ. ಎಕ್ಸ್‌ಪಿಗೆ ಭದ್ರತಾ ತೇಪೆಗಳು 2014ರ ಏಪ್ರಿಲ್‌ಗೇ ನಿಂತಿವೆ, ಹಾಗಾಗಿ ಅದಕ್ಕೆ ಇಂಟರ್‌ನೆಟ್ ತೋರಿಸಬಾರದು. ನೆಟ್‌ವರ್ಕ್ ಕೇಬಲಿನ ತೂತಿಗೆ ಇನ್ಸುಲೇಷನ್ ಟೇಪ್ ಅಂಟಿಸಿದೆ. ಯಾರಾದರೂ ಬುದ್ಧಿವಂತ ನೆಂಟರು ಬಂದು ವೈರು ಸಿಕ್ಕಿಸದಿರಲಿ ಎಂದು.

ಅದೇ ಆಲ್ಕೋಹಾಲ್ ತಂತ್ರಾಂಶ ಒಂದು ಸುಳ್ಳು ಡ್ರೈವನ್ನೂ ಹುಟ್ಟಿಸಿಕೊಡುತ್ತದೆ. ಅದರಲ್ಲಿ ಕೆಟ್ಟ ಸೆಕ್ಟರ್‌ಗಳನ್ನು ಕೆಟ್ಟವೆಂದೇ ತೋರಿಸುವ ಆಯ್ಕೆಯೊಂದಿದೆ, ಅದಕ್ಕೆ ಟಿಕ್ ಹಾಕಬೇಕು. ಇನ್ನೊಂದು ಕಿವಿಮಾತು: ಆಟವನ್ನು ಅಸಲಿ ಡ್ರೈವಿನಿಂದ ಇನ್‌ಸ್ಟಾಲ್ ಮಾಡಿ ಆಮೇಲೆ ಸುಳ್ಳು ಡ್ರೈವಿಗೆ ಬದಲಾಯಿಸಬೇಡಿ. ಆ ಕಾಲದ ಎಷ್ಟೋ ಆಟಗಳು ಯಾವ ಅಕ್ಷರದ ಡ್ರೈವಿನಿಂದ ತಾವು ಬಂದೆವೆಂದು ಬರೆದಿಟ್ಟುಕೊಂಡು ಮುಂದೆಯೂ ಅದೇ ಅಕ್ಷರದಲ್ಲಿ ಡಿಸ್ಕ್ ಹುಡುಕುತ್ತವೆ. ಮೊದಲಿನಿಂದಲೇ ಸುಳ್ಳು ಡ್ರೈವಿನಿಂದ ಇನ್‌ಸ್ಟಾಲ್ ಮಾಡಿದರೆ ಆ ರಗಳೆ ಇಲ್ಲ. ಹಾಗೆಯೇ ಮಾಡಿದೆ. ಐಕಾನ್ ಒತ್ತಿದಾಗ ಕಾವಲುಗಾರ ಎದ್ದು, ಕಡತದೊಳಗಿನ ಕೆಟ್ಟ ಸೆಕ್ಟರ್‌ಗಳನ್ನು ತಡವಿ, ಎಲ್ಲ ಸರಿಯಾಗಿ ಕೆಟ್ಟಿವೆ ಎಂದು ಸಮಾಧಾನಪಟ್ಟು ಗೇಟು ತೆಗೆದ. ಡ್ರೈವಿನ ತಟ್ಟೆ ಖಾಲಿ.

ಇದು ಸೇಫ್‌ಡಿಸ್ಕಿನ ಮೊದಲ ತಲೆಮಾರಿನ ಮಾತು, ನೆನಪಿರಲಿ. ಆಮೇಲೆ ಬಂದವು ಹೆಚ್ಚು ಸಂಶಯದವು. ಕಂಪ್ಯೂಟರಿನಲ್ಲಿ ಸುಳ್ಳು ಡ್ರೈವ್ ಇದೆ ಎಂದು ಗೊತ್ತಾದರೆ ಸಾಕು, ಅಸಲಿ ಡಿಸ್ಕ್ ಹಾಕಿದ್ದರೂ ಆಟ ತೆರೆಯಲು ಒಪ್ಪದ ಬೀಗಗಳು ಬಂದವು. ಅಂಥ ಡಿಸ್ಕ್ ತಂದವರಿಗೆ ನಾನು ಮೊದಲೇ ಕೈಮುಗಿದು, ಆಟದ ಮರುಬಿಡುಗಡೆ ಕೊಳ್ಳಿ ಎನ್ನುತ್ತೇನೆ.

ಗೌಡರ ಡಿಸ್ಕ್ ಈಗ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಸ್ಕತ್ತಿನ ಹಳೆಯ ಡಬ್ಬಿಯಲ್ಲಿದೆ, ಮುಚ್ಚಳಕ್ಕೆ ಟೇಪ್ ಸುತ್ತಿದ್ದೇನೆ. ಕಡತದ ಪ್ರತಿ ಆ ಯಂತ್ರದಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು. ಡಿಸ್ಕಿನ ಡಬ್ಬಿಯ ಹಿಂದಿದ್ದ ಕೀ ಸಂಖ್ಯೆಯ ಸ್ಟಿಕ್ಕರ್ ಮಾಸತೊಡಗಿತ್ತು, ಅದನ್ನು ಲೆಕ್ಕದ ಪುಸ್ತಕದಲ್ಲಿ ಬರೆಸಿದೆ. ಇಷ್ಟು ಮಾಡಿಕೊಳ್ಳಲು ಯಾರಿಗೂ ನನ್ನ ಅಂಗಡಿ ಬೇಕಾಗಿಲ್ಲ. ಮನೆಯಲ್ಲಿ ಹಳೆಯ ಡಿಸ್ಕ್ ಇದ್ದವರು ಮುಂದಿನ ಜೂನ್ ಬರುವ ಮೊದಲು ಓದಿಸಿಟ್ಟುಕೊಳ್ಳಿ. ಮದುವೆಯ ವಿ.ಸಿ.ಡಿ.ಗಳ ಮೇಲೆ ವಧೂವರರ ಫೋಟೊದ ಕಾಗದ ಅಂಟಿಸಿರುತ್ತಾರಲ್ಲ, ಅವನ್ನು ಮೊದಲು ಓದಿಸಿ. ಕಾಗದ ತೇವ ಹೀರಿ ಲ್ಯಾಕರ್ ಸಮೇತ ಎದ್ದು ಬರುತ್ತದೆ, ಮಾಂಗಲ್ಯಧಾರಣೆ ಇರುವ ಭಾಗವೂ ಅದರ ಜೊತೆಗೇ ಹೋಗುತ್ತದೆ. ಆ ಕಾಗದವನ್ನು ನೀವೇ ಕೀಳಲು ಹೋಗಬೇಡಿ.

ಯಂತ್ರ ಕೊಟ್ಟು ಕಳಿಸಿದ ಮೇಲೆ ಗೌಡರ ಮಗ ಬೆಂಗಳೂರಿನಿಂದ ಫೋನ್ ಮಾಡಿದ. ಅಪ್ಪನ ಆಟ ನಡೆಯುತ್ತಿದೆಯಂತೆ, ಆ ಕಡತವನ್ನು ತನಗೂ ಕಳಿಸಿಕೊಡಲಾಗುತ್ತದೆಯೇ, ಡಿಸ್ಕ್ ಕೊಂಡದ್ದು ತನಗಾಗಿಯೇ ತಾನೆ ಎಂದ. ಬಿಲ್ಲು ಅಪ್ಪನ ಹೆಸರಿನಲ್ಲಿದೆ, ಅವರನ್ನೇ ಕೇಳಪ್ಪಾ ಎಂದೆ. ಮರುದಿನ ಗೌಡರು ಪೇಟೆಗೆ ಬಂದವರು ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಹೇಳಿದರು:

"ಕಳಿಸಬೇಡ. ಆಡಬೇಕಾದರೆ ರಜೆ ಹಾಕಿ ಬರಲಿ. ಮೆಣಸಿನ ಬಳ್ಳಿಗೆ ಬೋರ್ಡೋ ಔಷಧಿ ಹೊಡೆಸುವುದೂ ಇದೆ."